ಒಂದನೇ ತಾರೀಕಿನ ಕೆಂಪಮ್ಮ

ಮೊನ್ನೆ ರಾಜ್ಯೋತ್ಸವದ ಬೆಳಗ್ಗೆ ಗುಬ್ಬಿಯ ಒಂದು ಸರ್ಕಾರಿ ಕಚೇರಿಯಲ್ಲಿ ನನ್ನ ಭಾಷಣವಿತ್ತು. ರಾಜ್ಯಕ್ಕೆ ಐವತ್ತು ತುಂಬಿದ ವರ್ಷ ನೋಡಿ, ನಾನೂ ಇಸ್ತ್ರಿ ಜುಬ್ಬಾ ಹಾಕಿಕೊಂಡು ಹೊರಟೆ. ನವೆಂಬರ್ ಒಂದರಂದು ನಮ್ಮಲ್ಲಿ ಏನೇನಾಯಿತು ಎಂಬ ಪಟ್ಟಿ ಜೇಬಿನಲ್ಲಿತ್ತು. ಐವತ್ತಾರರಲ್ಲಿ ಹಂಚಿಹೋಗಿದ್ದ ಕನ್ನಡ ಸೀಮೆಗಳು ಒಂದಾದದ್ದು, ಎಪ್ಪತ್ತಮೂರರಲ್ಲಿ ಮೈಸೂರು ರಾಜ್ಯ ಕರ್ನಾಟಕವಾದದ್ದು. (ಪ್ರತಿ ವರ್ಷ ಇದೇ ಪಟ್ಟಿ. ಚಪ್ಪಾಳೆಯೂ ಅಷ್ಟೇ.)

ಗೇಟಿನ ಹೊರಗೆ ಕೆಂಪಮ್ಮ ನಿಂತಿದ್ದರು. ಆ ಆಫೀಸಿನ ಅಟೆಂಡರ್, ನಮ್ಮ ಹಾಗಲವಾಡಿಯವರೇ. ಹೊಸ ಸೀರೆ, ಕೈಯಲ್ಲಿ ಸೇವಂತಿಗೆ ದಳದ ಪೊಟ್ಟಣ. ಅಲ್ಲಿ ವರ್ಷವರ್ಷವೂ ಬಾವುಟದೊಳಗೆ ಹೂವಿಟ್ಟು ಮಡಚಿ ಕಟ್ಟುತ್ತಿದ್ದವರು ಅವರು.

"ಏನಕ್ಕಾ, ಒಳಗೆ ಬರಲ್ವಾ?"

"ನಿನ್ನೆ ಸಾಯಂಕಾಲ ಹಾರ ಹಾಕಿ ಕಳಿಸ್ಬುಟ್ರು ಕಣಪ್ಪ. ರಿಟೈರು. ಐವತ್ತನೇ ವರ್ಸದ ಬಾವುಟ ಒಂದು ಕಟ್ಬುಟ್ಟು ಹೋಯ್ತೀನಿ ಸಾರ್ ಅಂತ ಸಾಹೇಬ್ರನ್ನ ಕೇಳ್ದೆ. ರೂಲ್ಸ್ ಇಲ್ಲಮ್ಮ ಅಂದ್ರು."

ಎಲ್ಲಾ ನಮ್ಮೂರ ಶಾಲೆಯಲ್ಲಿ ಶುರುವಾದದ್ದು. ಮಗು ಹುಟ್ಟಿದ ತಾರೀಕು ಆಗ ಯಾವ ತಾಯಿಗೆ ಗೊತ್ತಿತ್ತು? "ರಾಗಿ ಕುಯ್ಲಲ್ಲಿ ಹುಟ್ಟಿದ್ದು" ಅಂದರೆ ಮುಗಿಯಿತು. ತಾರೀಕು ಬರೆಯುತ್ತಿದ್ದವರು ಹೆಡ್‌ಮಾಸ್ಟರು. ನಾಡು ಒಂದಾದ ಖುಷಿ ಇನ್ನೂ ಇಳಿಯದ ನಮ್ಮ ಮೇಷ್ಟ್ರು, ವರ್ಷವನ್ನು ಅಂದಾಜಿನಲ್ಲಿ ಹಾಕಿ, ಎಲ್ಲರಿಗೂ ನವೆಂಬರ್ ಒಂದನ್ನೇ ಕೊಟ್ಟರು. ಕೆಂಪಮ್ಮನಿಗೂ. ನನಗೂ.

ಸರ್ಕಾರದ ಲೆಕ್ಕ ಗೊತ್ತಲ್ಲ? ವಯಸ್ಸು ತುಂಬಿದ ತಿಂಗಳ ಕೊನೆಯ ದಿನ ನಿವೃತ್ತಿ. ಒಂದನೇ ತಾರೀಕು ಹುಟ್ಟಿದವರಿಗೆ ಮಾತ್ರ ಹಿಂದಿನ ತಿಂಗಳ ಕೊನೆಗೇ ಗೇಟ್‌ಪಾಸ್. ಎರಡನೇ ತಾರೀಕಾಗಿದ್ದರೆ ಕೆಂಪಮ್ಮನಿಗೆ ನವೆಂಬರ್ ಪೂರ್ತಿ ಕೆಲಸವಿರುತ್ತಿತ್ತು.

ಒಳಗೆ ಸಾಹೇಬರು ಹಗ್ಗ ಎಳೆದರು. ಬಾವುಟ ಬಿಚ್ಚಲಿಲ್ಲ. ಜೋರಾಗಿ ಎಳೆದರು. ಹೊಸಬರು ಹಾಕಿದ್ದ ಕುಣಿಕೆ ಇನ್ನೂ ಬಿಗಿಯಾಯಿತು.

"ಅಯ್ಯೋ, ಎಳೀಬ್ಯಾಡಿ ಸಾರ್! ಕೆಳಕ್ಕೆ ಬುಡಿ!" ಗೇಟಿನಿಂದ ಕೂಗು.

ಸಾಹೇಬರ ಮುಖ ಸಣ್ಣದಾಯಿತು. "ಬನ್ನಿಮ್ಮಾ, ನೀವೇ ಸ್ವಲ್ಪ ನೋಡಿ" ಅಂದರು. (ಆಗ ಆ ರೂಲ್ಸ್ ಎಲ್ಲಿ ಅಡಗಿತ್ತೋ!)

ಕೆಂಪಮ್ಮ ಬಂದರು. ಬಾವುಟ ಇಳಿಸಿ, ಬಿಡಿಸಿ, ತಮ್ಮ ಪೊಟ್ಟಣದ ಹೂವಿಟ್ಟು, ಮಡಚಿ ಕಟ್ಟಿದರು. ಈ ಸಲ ಒಂದೇ ಎಳೆತಕ್ಕೆ ಸಾಹೇಬರ ತಲೆ ಮೇಲೆ ಸೇವಂತಿಗೆ ಸುರಿಯಿತು. ನಾಡಗೀತೆ ಮುಗಿದು ತಿರುಗಿ ನೋಡಿದರೆ, ಕೆಂಪಮ್ಮ ಮತ್ತೆ ಗೇಟಿನ ಹೊರಗೇ ನಿಂತಿದ್ದರು. ಯಾರೂ ಇರಿ ಅನ್ನಲಿಲ್ಲ. ನಾನೂ ಅನ್ನಲಿಲ್ಲ, ಅದೇ ಈಗ ಚುಚ್ಚುತ್ತಿದೆ. ಮೈಕ್ ಹಿಡಿದು ಜೇಬಿನ ಪಟ್ಟಿಯನ್ನೇ ಓದಿ ಬಂದೆ.

ಅಲ್ಲಾ ಮೇಷ್ಟ್ರೇ, ಒಂದರ ಬದಲು ಎರಡು ಅಂತ ಬರೆದಿದ್ದರೆ ನಿಮ್ಮ ಗಂಟೇನು ಹೋಗ್ತಿತ್ತು?