ಬ್ರೇಕ್ ಮೇಷ್ಟ್ರ ಬಲಗಾಲು

ನಮ್ಮಪ್ಪನಿಗೆ ಕಾರು ಓಡಿಸುವುದೇ ಕೆಲಸ ಅಂತ ಜನ ತಿಳಿದಿದ್ದಾರೆ. ನಿಜ ಹೇಳಬೇಕೆಂದರೆ ಅಪ್ಪ ಕಾರು ಓಡಿಸುವುದೇ ಇಲ್ಲ. ಅವನು ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಓಡಿಸುವವರು ಕಲಿಯಲು ಬಂದವರು, ಅಪ್ಪ ಪಕ್ಕದ ಸೀಟಿನಲ್ಲಿ ಕೂರುವವನು. ಆ ಸೀಟಿನ ಮುಂದೆ, ಕಾಲಿಗೆ ಸಿಗುವಂತೆ, ಅವನಿಗಾಗಿಯೇ ಇನ್ನೊಂದು ಬ್ರೇಕ್ ಇದೆ. "ಸ್ಟೇರಿಂಗ್ ಅವರದು, ಗೇರು ಅವರದು, ಜೀವ ಮಾತ್ರ ನಂದು" ಎಂದು ಆಗಾಗ ಹೇಳುತ್ತಿರುತ್ತಾನೆ.

ನಾನು ಹುಟ್ಟುವ ಮೊದಲು, ಅವನು ಕೆಲಸಕ್ಕೆ ಸೇರಿದ ಹೊಸದರಲ್ಲಿ, ಒಂದು ಸಲ ಕಿಟಕಿಯಾಚೆ ಯಾರಿಗೋ ಕೈಬೀಸುತ್ತಿದ್ದನಂತೆ. ಅಷ್ಟರಲ್ಲಿ ಕಲಿಯುತ್ತಿದ್ದ ಹೆಂಗಸು ಕಾರನ್ನು ಗೋಡೆಗೆ ಗುದ್ದಿ ತೋಳು ಮುರಿದುಕೊಂಡಳು. ಅವತ್ತು ಬ್ರೇಕಿನ ಮೇಲೆ ಇಟ್ಟ ಬಲಗಾಲನ್ನು ಅಪ್ಪ ಮತ್ತೆ ತೆಗೆಯಲಿಲ್ಲ. ಕಲಿಯುವವರು ತಪ್ಪು ಮಾಡುವ ಮೊದಲೇ ಒತ್ತಿಬಿಡುತ್ತಾನೆ. ಹೀಗಾಗಿ ಅವನ ಶಿಷ್ಯರು ಕಾರು ತಾನಾಗಿಯೇ ನಿಲ್ಲುತ್ತದೆ ಎಂದು ನಂಬಿ ಪರೀಕ್ಷೆಗೆ ಹೋಗುತ್ತಾರೆ, ಅಲ್ಲಿ ಕಂಬಕ್ಕೆ ಗುದ್ದಿ ಪೆಚ್ಚುಮೋರೆ ಹಾಕಿಕೊಂಡು ವಾಪಸ್ಸು ಬರುತ್ತಾರೆ. ಬ್ರೇಕ್ ಮೇಷ್ಟ್ರು ಅಂದರೆ ಸುತ್ತಲಿನ ಬೀದಿಗಳಲ್ಲಿ ಎಲ್ಲರಿಗೂ ಗೊತ್ತು.

ಮನೆಯಲ್ಲೂ ಆ ಕಾಲಿಗೆ ಬಿಡುವಿಲ್ಲ. ಟಿವಿಯಲ್ಲಿ ಕಾರು ತಿರುಗಿದರೆ ಒತ್ತುತ್ತಾನೆ. ಅಮ್ಮ ಕುದಿಯುವ ನೀರಿನ ಪಾತ್ರೆ ಎತ್ತಿದರೂ ಒತ್ತುತ್ತಾನೆ. "ರೀ, ನೆಲ ತೂತು ಬೀಳತ್ತೆ" ಎನ್ನುತ್ತಾಳೆ ಅಮ್ಮ. ನಾನು ಅವನ ಬಳಿಯೇ ಕಲಿತು ಎರಡು ಸಲ ಫೇಲಾದೆ. ಆಮೇಲೆ ಎದುರು ಬೀದಿಯ ಸ್ಕೂಲಿಗೆ ಸೇರಿ ಪಾಸಾದೆ. ಅಪ್ಪ ತುಂಬಾ ದಿನ ಮುಖ ದಪ್ಪ ಮಾಡಿಕೊಂಡಿದ್ದ. ಈಗ ನಾನು ಲ್ಯಾಬ್ ಒಂದಕ್ಕೆ ಕ್ಲಿನಿಕ್‌ಗಳಿಂದ ರಕ್ತದ ಸ್ಯಾಂಪಲ್ ಸಾಗಿಸುತ್ತೇನೆ. ಬೆಳಗಿನಿಂದ ಸಂಜೆಯವರೆಗೆ ಬೈಕಿನ ಮೇಲೇ ಇರುತ್ತೇನೆ. ಆದರೂ ಅಪ್ಪ ಒಮ್ಮೆಯೂ ನನ್ನ ಹಿಂದೆ ಕೂತವನಲ್ಲ. "ಹಿಂದೆ ಕೂತ್ರೆ ಕಾಲಿಗೇನು ಸಿಗತ್ತೆ?" ಎನ್ನುತ್ತಿದ್ದ. ತಮಾಷೆಗೆ ಹೇಳಿದ ಹಾಗೆ ಕೇಳುತ್ತಿತ್ತು, ಆದರೆ ನನಗೆ ಚುಚ್ಚುತ್ತಿತ್ತು.

ಇಂಥ ಮನುಷ್ಯನಿಗೆ ಐವತ್ತು ದಾಟಿದ ಮೇಲೆ ಅಡ್ವೆಂಚರ್ ಬೈಕಿನ ಹುಚ್ಚು ಹಿಡಿಯಿತು. ಕಲ್ಲು, ಕೆಸರು, ಹಳ್ಳ ಏನಿದ್ದರೂ ಹತ್ತಿ ಇಳಿಯುವ, ಎತ್ತರದ, ಕೊಕ್ಕಿನಂಥ ಮೂತಿಯ ಬೈಕು. "ಜೀವಮಾನ ಪೂರ್ತಿ ಎರಡನೇ ಗೇರಲ್ಲಿ ಕಳೆದೆ ಕಣೇ. ಒಂದ್ಸಲ ನನ್ನ ಕೈಯಲ್ಲೇ ಎಲ್ಲಾ ಇರ್ಬೇಕು" ಎಂದ. ಬುಕ್ ಮಾಡಿದ ಮೇಲೆ ಶುರುವಾಯಿತು ಕಾಯುವ ಕಾಟ. ಗಾಡಿ ಹಡಗಿನಲ್ಲಿದೆ ಎಂದರು ಶೋರೂಮಿನವರು. ಅಪ್ಪ ಸಮುದ್ರದ ಹವಾಮಾನ ನೋಡತೊಡಗಿದ. ಹಡಗು ಬಂತು, ಆದರೆ ಅದರಲ್ಲಿ ಬಂದ ಗಾಡಿಯ ಬಣ್ಣ ಬೇರೆ. ಮತ್ತೆ ಕಾಯುವುದು. ಅಷ್ಟರಲ್ಲಿ ಅವನು ಅಡುಗೆಮನೆಯ ಎತ್ತರದ ಸ್ಟೂಲಿನ ಮೇಲೆ ಮಡಚಿದ ಕಂಬಳಿ ಹಾಕಿ, ಬೈಕಿನ ಸೀಟಿನಷ್ಟೇ ಎತ್ತರ ಮಾಡಿಕೊಂಡು, ದಿನಾ ಸಂಜೆ ಅದರ ಮೇಲೆ ಕಾಲು ಚಾಚಿ ಕೂರುತ್ತಿದ್ದ. ಅಪ್ಪ ಕುಳ್ಳ. ತುದಿಬೆರಳು ಮಾತ್ರ ನೆಲಕ್ಕೆ ತಾಗುತ್ತಿತ್ತು. ನನ್ನ ಎತ್ತರ ಅಮ್ಮನ ಕಡೆಯದು. ಚಮ್ಮಾರನ ಬಳಿ ಬೂಟಿಗೆ ಇನ್ನೊಂದು ಅಟ್ಟೆ ಹೊಡೆಸಿದ. ಆಗ ಹಿಮ್ಮಡಿಯೊಂದು ಬಿಟ್ಟು ಪಾದವೆಲ್ಲ ತಾಗಿತು.

ಗಾಡಿ ಬಂತು. ಮೊದಲ ವಾರ ಸ್ಕೂಲಿನ ಮೈದಾನದಲ್ಲಿ ಸುತ್ತು ಹೊಡೆದ. ಆಮೇಲೆ ಒಂದು ರಜೆಯ ದಿನ ಊರಾಚೆಯ ಬೆಟ್ಟಕ್ಕೆ ಹೋಗುತ್ತೇನೆ ಎಂದ. ತುದಿಯಲ್ಲಿ ಟಿವಿ ಟವರ್ ಇರುವ ಬೆಟ್ಟ. ಅರ್ಧ ದಾರಿ ಟಾರು, ಮಿಕ್ಕಿದ್ದು ಜಲ್ಲಿ. ಅಮ್ಮ ಅಡ್ಡ ಬಂದಳು. "ಒಬ್ರೇ ಹೋಗೋ ಹಾಗಿಲ್ಲ. ಇವಳನ್ನ ಹಿಂದೆ ಕೂರಿಸ್ಕೊಂಡು ಹೋಗಿ. ಏನಾದ್ರೂ ಆದ್ರೆ ಫೋನ್ ಮಾಡೋಕಾದ್ರೂ ಒಬ್ರು ಬೇಕು" ಎಂದಳು. ನನಗೆ ಸಮಾಧಾನ ಹೇಳಿದಂತೆ ಕೇಳಿಸಲಿಲ್ಲ.

ಬೆಟ್ಟದ ಬುಡದಲ್ಲಿ ಸ್ಕೂಟರಿನವನೊಬ್ಬ ಪಕ್ಕಕ್ಕೆ ಬಂದು, "ಸಾರ್, ನಿಮ್ಮ ಬ್ರೇಕ್ ಲೈಟ್ ಆರ್ತಾನೇ ಇಲ್ಲ" ಎಂದು ಕೂಗಿ ಹೋದ. ಹೊಸ ಗಾಡಿ, ಸ್ವಿಚ್ ಅಂಟಿಕೊಂಡಿರಬೇಕು ಎಂದ ಅಪ್ಪ. ನಾನೂ ಹೌದಿರಬೇಕು ಎಂದುಕೊಂಡೆ. ಹತ್ತುವಾಗ ಚೆನ್ನಾಗಿಯೇ ಓಡಿಸಿದ. ಜಲ್ಲಿಯ ಮೇಲೆ ಚಕ್ರ ಜಾರಿದಾಗ ಸಣ್ಣ ಹುಡುಗನ ಹಾಗೆ "ಹೋಯ್" ಎಂದ. ತುದಿಯಲ್ಲಿ ಹೆಲ್ಮೆಟ್ ತೆಗೆದು ಗಾಳಿಗೆ ಮುಖ ಒಡ್ಡಿ ನಿಂತವನನ್ನು ನೋಡಿ ನನಗೂ ಖುಷಿಯಾಯಿತು. ಅಪ್ಪ ಅಷ್ಟು ಸಂತೋಷವಾಗಿದ್ದುದನ್ನು ನಾನು ಕಂಡಿರಲಿಲ್ಲ.

ಇಳಿಯಲು ಶುರು ಮಾಡಿದ ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ ಬಂತು. ಎಡಕ್ಕೆ ಗುಡ್ಡ, ಬಲಕ್ಕೆ ಬರೀ ಗಾಳಿ. ತಡೆಗೋಡೆ ಅಂತ ಇದ್ದದ್ದು ಅಲ್ಲೊಂದು ಇಲ್ಲೊಂದು ಬಿಳಿ ಕಲ್ಲು. ವಾಸನೆ ಎಲ್ಲಿಂದ ಎಂದು ಬಗ್ಗಿ ನೋಡಿದೆ. ಅಪ್ಪನ ಬಲಗಾಲು ಹಿಂದಿನ ಚಕ್ರದ ಬ್ರೇಕಿನ ಮೇಲೆ ಆರಾಮಾಗಿ ಕೂತಿತ್ತು. ಬೆಳಗಿನಿಂದ ಅಲ್ಲೇ ಇತ್ತು. ಲೈಟ್ ಆರದೆ ಇದ್ದುದಕ್ಕೆ ಸ್ವಿಚ್ಚಿನ ತಪ್ಪೇನೂ ಇರಲಿಲ್ಲ.

"ಅಪ್ಪ, ಬ್ರೇಕ್ ಮೇಲಿಂದ ಕಾಲು ತೆಗಿ. ಕಾದುಹೋಗಿದೆ."

"ಒತ್ತಿಲ್ಲ ಕಣೇ, ಸುಮ್ನೆ ಇಟ್ಟಿದೀನಿ. ಸೇಫ್ಟಿಗೆ."

"ಸುಮ್ನೆ ಇಟ್ರೂ ಉಜ್ಜತ್ತೆ. ತೆಗಿ ಅಂದೆ."

ತೆಗೆದ. ಮುಂದಿನ ತಿರುವು ಕಂಡ ಕೂಡಲೇ ಕಾಲು ಮತ್ತೆ ಅಲ್ಲೇ ಹೋಗಿ ಕೂತಿತು. ಇನ್ನೂ ಎರಡು ತಿರುವು ಇಳಿದೆವು. ಮೂರನೆಯದು ಎದುರಾದಾಗ ಅಪ್ಪ ಮೆಲ್ಲಗೆ, ಬೇರೆ ಯಾರದೋ ದನಿಯಲ್ಲಿ, "ಪುಟ್ಟೀ, ಬ್ರೇಕ್ ಇಲ್ಲ" ಎಂದ.

ಕಾದು ಕಾದು ಹಿಂದಿನ ಬ್ರೇಕ್ ಸತ್ತುಹೋಗಿತ್ತು. ಅಪ್ಪ ಖಾಲಿ ಪೆಡಲನ್ನು ದಬದಬ ತುಳಿಯುತ್ತಿದ್ದ. ತುಳಿದಾಗಲೆಲ್ಲ ಬೈಕು ಓಲಾಡುತ್ತಿತ್ತು. ಜಲ್ಲಿ, ಇಳಿಜಾರು, ವೇಗ ಏರುತ್ತಿದೆ, ನನ್ನ ಕೈಗೆ ಸಿಗುವುದು ಅಪ್ಪನ ಜಾಕೆಟ್ಟು ಮಾತ್ರ.

"ಗೇರ್ ಇಳಿಸಪ್ಪ! ಆಕ್ಸಿಲರೇಟರ್ ಬಿಡು!"

ಕೇಳಿಸಲೇ ಇಲ್ಲ ಅವನಿಗೆ. ತುಳಿಯುತ್ತಲೇ ಇದ್ದ. ಬಿಳಿ ಕಲ್ಲು ದೊಡ್ಡದಾಗುತ್ತಾ ಬಂತು. ನನಗೆ ಹೇಗೆ ಹೊಳೆಯಿತೋ ಗೊತ್ತಿಲ್ಲ, ಅವನ ಶಿಷ್ಯರು ಕರೆಯುವ ಹಾಗೆ ಗಂಟಲು ಹರಿಯುವಂತೆ ಕೂಗಿದೆ.

"ಮೇಷ್ಟ್ರೇ! ಕಾಲು ಮೇಲೆತ್ರಿ!"

ಕಾಲು ಎದ್ದಿತು. "ಈಗ ಗೇರ್ ಇಳಿಸಿ. ಇನ್ನೊಂದು. ಮುಂದಿನ ಬ್ರೇಕ್ ಮೆತ್ತಗೆ, ಎರಡೇ ಬೆರಳು. ಹಿಸುಕ್ಬೇಡಿ. ಗುಡ್ಡದ ಕಡೆ ನೋಡಿ, ಹೊಂಡದ ಕಡೆ ನೋಡ್ಬೇಡಿ." ಎಂಜಿನ್ ಗೋಳಿಟ್ಟಿತು. ಬೈಕು ಬಿಳಿ ಕಲ್ಲಿನ ಪಕ್ಕದಲ್ಲೇ ಹಾದು, ಗುಡ್ಡದ ಬುಡದ ಸಡಿಲ ಮಣ್ಣಿಗೆ ಮೂತಿ ತೂರಿಸಿ ನಿಂತಿತು. ನಿಂತ ಮೇಲೆ ಆ ಓರೆ ನೆಲಕ್ಕೆ ಅಪ್ಪನ ಕಾಲು ಎಟುಕದೆ ಮೂರೂ ಜನ, ಬೈಕನ್ನೂ ಸೇರಿಸಿ ಹೇಳುತ್ತಿದ್ದೇನೆ, ಎಡಕ್ಕೆ ಉರುಳಿದೆವು.

ನನಗೆ ಮೊಣಕೈ ತರಚಿತ್ತು ಅಷ್ಟೆ. ಅಪ್ಪನ ಎಡ ಮಂಡಿ ಬೈಕಿನಡಿ ಸಿಕ್ಕಿ ಉಳುಕಿತ್ತು. ಎಬ್ಬಿಸಿ ಕೂರಿಸಿದೆ. ಬೈಕನ್ನೂ ಎಬ್ಬಿಸಿದೆ. ಆಮೇಲೆ ಪಿತ್ತ ನೆತ್ತಿಗೇರಿತು. "ಹೇಳಿದ್ನಲ್ಲ! ಎಷ್ಟು ಸಲ ಹೇಳ್ಬೇಕು ನಿಂಗೆ? ಇಬ್ರೂ ಸಾಯ್ತಿದ್ವಿ!" ಎಂದು ಕಿರುಚಿದೆ. ಕಿರುಚುತ್ತಲೇ ಅಳು ಬಂತು. ಅಪ್ಪ ತಲೆ ಎತ್ತಲಿಲ್ಲ.

"ಭಯ ಕಣೇ" ಎಂದ. "ಆ ಕಾಲಲ್ಲಿ ಇರೋದು ಬರೀ ಭಯ. ಅದನ್ನ ಎತ್ತಿದ್ರೆ ಏನೋ ಆಗಿಬಿಡತ್ತೆ ಅಂತ."

ಫೋನಿಗೆ ಸಿಗ್ನಲ್ ಇರಲಿಲ್ಲ. ರಸ್ತೆಯಲ್ಲಿ ನರಪಿಳ್ಳೆ ಇಲ್ಲ. ಇಳಿಯುವುದು ಇನ್ನೂ ಅರ್ಧ ಬೆಟ್ಟ, ಅದರಲ್ಲೂ ಬಿಗಿಯಾದ ತಿರುವುಗಳೆಲ್ಲ ಕೆಳಗೇ ಇದ್ದವು. ಬ್ರೇಕ್ ಆರಲಿ ಎಂದು ಕಾದೆವು. ಮುಟ್ಟಿದರೆ ಇನ್ನೂ ಸುಡುತ್ತಿತ್ತು, ಒತ್ತಿದರೆ ಪೆಡಲು ಪೂರ್ತಿ ಕೆಳಗೆ ಹೋಗುತ್ತಿತ್ತು. ಬಿಸಿಲು ಗುಡ್ಡದಾಚೆ ಸರಿಯಿತು. ಕೆಳಗಿನಿಂದ ಮಂಜು ಏರತೊಡಗಿತು.

"ನೀನು ಇಲ್ಲೇ ಇರು. ನಾನು ನಡ್ಕೊಂಡು ಹೋಗಿ ಯಾರನ್ನಾದ್ರೂ ಕರ್ಕೊಂಡು ಬರ್ತೀನಿ" ಎಂದೆ.

ಅಪ್ಪ ಕೆಳಗಿನ ರಸ್ತೆಯನ್ನು ನೋಡಿದ. ಆಮೇಲೆ ಬೀಗದ ಕೈ ಚಾಚಿದ. "ನೀನು ಓಡ್ಸು. ನಾನು ಹಿಂದೆ ಕೂರ್ತೀನಿ."

"ಹಿಂದಿನ ಬ್ರೇಕ್ ಇಲ್ಲಪ್ಪ."

"ಗೊತ್ತು."

"ಅಲ್ಲಿ ಕೂತ್ರೆ ನಿಂಗೆ ಏನೂ ಸಿಗಲ್ಲ."

"ಗೊತ್ತು ಅಂದ್ನಲ್ಲ. ತಲೆ ತಿನ್ಬೇಡ, ಹತ್ತು."

ಹತ್ತಿದೆ. ಅವನನ್ನು ಹತ್ತಿಸಿಕೊಳ್ಳುವುದೇ ಒಂದು ಸಾಹಸವಾಯಿತು. ಎರಡೂ ಕೈಯಿಂದ ನನ್ನ ಜಾಕೆಟ್ಟನ್ನು ಹಿಡಿದ. ಮೊದಲನೇ ಗೇರು ಹಾಕಿ ಕ್ಲಚ್ ಬಿಟ್ಟೆ. ಎಂಜಿನ್ನೇ ಬಿಗಿಹಿಡಿದು ಇಳಿಸತೊಡಗಿತು. ಎಡವಟ್ಟಾದರೆ ಅಪ್ಪನೂ ಹೋಗುತ್ತಾನೆ, ನಾನೂ ಹೋಗುತ್ತೇನೆ, ಅಮ್ಮನಿಗೆ ಫೋನ್ ಮಾಡಲು ಒಬ್ಬರೂ ಇರುವುದಿಲ್ಲ ಎಂಬುದೇ ತಲೆಯಲ್ಲಿ ಸುತ್ತುತ್ತಿತ್ತು.

ಮೊದಲ ತಿರುವಿನಲ್ಲಿ ಹಿಂದೆ ಅಪ್ಪನ ಬೂಟು ಇಲ್ಲದ ಬ್ರೇಕನ್ನು ಒತ್ತಿ ದಪ್ ಎಂದಿತು. ಎರಡನೆಯದರಲ್ಲೂ ದಪ್. ಮೂರನೆಯದಕ್ಕೆ ಹೋಗುವಷ್ಟರಲ್ಲಿ ಮಂಜಿನೊಳಗಿಂದ ನೀರಿನ ಟ್ಯಾಂಕರ್ ಒಂದು ರಸ್ತೆ ತುಂಬಾ ಹರಡಿಕೊಂಡು ಮೇಲೆ ಬಂತು. ನಾನು ಗುಡ್ಡದ ಕಡೆ ಸರಿದೆ. ಅದೇ ಗಳಿಗೆಯಲ್ಲಿ ಅಪ್ಪನ ಬಲಗಾಲು ಹಿಂದಿನಿಂದ ಚಾಚಿ ಬಂದು ನನ್ನ ಪಾದವನ್ನು ಗಟ್ಟಿಯಾಗಿ ತುಳಿಯಿತು. ನನ್ನ ಪಾದ ಬ್ರೇಕಿನ ಮೇಲೆ ಬಿತ್ತು. ಬ್ರೇಕ್ ಸತ್ತಿದ್ದರಿಂದ ನಾವು ಉಳಿದೆವು. ಅದಕ್ಕೆ ಜೀವ ಇದ್ದಿದ್ದರೆ ಜಲ್ಲಿಯ ಮೇಲೆ ಚಕ್ರ ಜಾರಿ ಸೀದಾ ಟ್ಯಾಂಕರಿನಡಿ ಹೋಗುತ್ತಿದ್ದೆವು.

ಟ್ಯಾಂಕರ್ ದಾಟಿತು. ನಾನು ನಿಲ್ಲಿಸಿದೆ. ಅಪ್ಪನಿಗೂ ಅರ್ಥವಾಗಿತ್ತು. ಅವನ ಉಸಿರು ಹೆಲ್ಮೆಟ್ಟಿನೊಳಗೆ ಕೇಳುತ್ತಿತ್ತು.

"ಈ ಕಾಲನ್ನ ಏನ್ಮಾಡ್ಲಿ ಹೇಳು" ಎಂದ ಕೊನೆಗೆ.

"ಏನೂ ಮಾಡ್ಬೇಡಪ್ಪ. ಇದ್ದಲ್ಲೇ ಇರ್ಲಿ. ನಾನಿದೀನಿ."

ಮತ್ತೆ ಹೊರಟೆವು. ನನ್ನ ಕಿವಿಯೆಲ್ಲ ಹಿಂದೆಯೇ ಇತ್ತು. ತಿರುವು ಬಂದಾಗ ಅವನ ತೊಡೆ ಬಿಗಿಯಾಗುತ್ತಿತ್ತು, ಮೈ ಕಲ್ಲಾಗುತ್ತಿತ್ತು, ಕೈಗಳು ಜಾಕೆಟ್ಟನ್ನು ಹಿಂಡುತ್ತಿದ್ದವು. ಬೂಟು ಮಾತ್ರ ದಪ್ ಎನ್ನಲಿಲ್ಲ. ಅದು ಅವನಿಗೆ ಎಷ್ಟು ಕಷ್ಟ ಎಂಬುದು ನನಗೆ ಗೊತ್ತಿತ್ತು. ಬೇರೆಯವರು ಬೆಟ್ಟ ಹತ್ತುವುದಕ್ಕೆ ಪಡುವ ಪಾಡನ್ನು ಅಪ್ಪ ಸುಮ್ಮನೆ ಕೂರುವುದಕ್ಕೆ ಪಡುತ್ತಿದ್ದ. ಒಂದು ತಿರುವಿನಲ್ಲಿ ಮುಂದಿನ ಚಕ್ರ ಒಂದು ಗೇಣು ಜಾರಿತು. ನಾನು ಹಿಡಿದೆ. ಅವನು ಉಸಿರು ಎಳೆದುಕೊಂಡದ್ದು ಕೇಳಿತು, ಬಿಟ್ಟದ್ದು ತಿರುವು ಮುಗಿದ ಮೇಲೆ. ಆ ಮನುಷ್ಯನ ಮೇಲೆ ನನಗಿದ್ದ ಸಿಟ್ಟೆಲ್ಲ ಅಲ್ಲೇ ಎಲ್ಲೋ ಇಳಿದುಹೋಯಿತು.

ಜಲ್ಲಿ ಮುಗಿದು ಟಾರು ಸಿಕ್ಕಿತು. ಆಮೇಲೆ ದೀಪ ಹಚ್ಚಿದ ಪೆಟ್ರೋಲ್ ಬಂಕ್ ಕಂಡಿತು. ಅಲ್ಲಿ ನಿಲ್ಲಿಸಿ, ಕಾಲೂರಿ, ಎಂಜಿನ್ ಆರಿಸಿದೆ. ಬೆರಳುಗಳು ಹ್ಯಾಂಡಲ್ ಬಿಡಲೊಲ್ಲವು. ಅಪ್ಪ ಇಳಿಯಲಿಲ್ಲ, ಹಾಗೇ ಕೂತಿದ್ದ.

ಅಷ್ಟರಲ್ಲಿ ಅವನ ಫೋನ್ ಬಡಿದುಕೊಂಡಿತು. ಅಮ್ಮ. ಆಗಿನಿಂದ ಮಾಡುತ್ತಲೇ ಇದ್ದಳಂತೆ. ಅವಳ ದನಿ ನನಗೂ ಕೇಳುತ್ತಿತ್ತು. "ಎಲ್ಲಿದ್ದೀರಿ? ಯಾಕೆ ಎತ್ತಲ್ಲ? ಏನಾಯ್ತು? ಏನಾಯ್ತು ಹೇಳಿ!"

ಅಪ್ಪ ಹೆಲ್ಮೆಟ್ ಕಳಚಿ ಫೋನನ್ನು ಕಿವಿಗೆ ಒತ್ತಿ ಹಿಡಿದ.

"ಇವಳು ಓಡ್ಸಿದ್ಳು. ಬ್ರೇಕ್ ಇರ್ಲಿಲ್ಲ. ನಾನು ಹಿಂದೆ ಕೂತಿದ್ದೆ" ಎಂದ. "ನಾನು ಏನೂ ಮಾಡ್ಲಿಲ್ಲ ಕಣೇ... ಏನೂ ಆಗ್ಲಿಲ್ಲ."

ಅದನ್ನೇ ಮತ್ತೆ ಮತ್ತೆ ಹೇಳುತ್ತಾ, ನನ್ನ ಬೆನ್ನಿಗೆ ಹಣೆಯಿಟ್ಟು, ಬಂಕಿನವರೆಲ್ಲ ನೋಡುತ್ತಿದ್ದಂತೆಯೇ ಅಳತೊಡಗಿದ.