ನಾನು ಹೇಳಿದ ಅಪ್ಪಭೀತಿ

ಸಗಣಿಯ ಕುಳ್ಳಿನ ಕೆಂಡದಲ್ಲಿ ಹಸಿ ಜೋಳದ ತೆನೆ ಸುಡುವ ವಾಸನೆ ಎಂದಾದರೂ ನಿಮ್ಮ ಮೂಗಿಗೆ ಬಡಿದಿದ್ದರೆ, ನಾನು ಹೇಳಹೊರಟಿರುವುದಕ್ಕೆ ಹೆಚ್ಚಿನ ವಿವರಣೆ ಬೇಕಾಗಲಿಕ್ಕಿಲ್ಲ. ಮೊದಲು ಹಾಲು ಕಾಯಿಸಿದಂಥ ಸಿಹಿ, ಅದರ ಬೆನ್ನಿಗೇ ಹೊಗೆ, ಅದರ ಬೆನ್ನಿಗೆ ಬಾಯಿ ತುಂಬ ನೀರು. ಮೊನ್ನೆ ಜಹೀರಾಬಾದಿನ ರಸ್ತೆಯ ಪಕ್ಕದಲ್ಲಿ ಯಾರೋ ತೆನೆ ಸುಡುತ್ತಿದ್ದರು. ನಾನು ಕಾರಿನೊಳಗೆ ಕೂತವಳು, ನಿಲ್ಲಿಸೋ ನಿಲ್ಲಿಸೋ ಎಂದು ಕೂಗಿಕೊಂಡ ರೀತಿಗೆ ಮೊಮ್ಮಗ ಗಾಬರಿಯಾದ. ಅವನಿಗೇನು ಗೊತ್ತು, ಅಷ್ಟರಲ್ಲಿ ನಾನು ಪರಕಾರ ಎತ್ತಿ ಹಿಡಿದುಕೊಂಡು ನ್ಯಾಲ್ಕಲ್ ಹತ್ತಿರದ ನಮ್ಮ ಹೊಲದ ಬದುವಿನ ಮೇಲೆ ಓಡತೊಡಗಿದ್ದೆ!

ಅದು ನಿಜಾಮರ ಕಾಲ. ಎಳ್ಳಮವಾಸ್ಯೆ ಮುಗಿದು ಜೋಳದಲ್ಲಿ ಹಾಲುಗಾಳು ತುಂಬಿತೆಂದರೆ ನಮ್ಮ ಮನೆಯವರಿಗೆಲ್ಲ ಸೀತನಿಯ ಹುಚ್ಚು ಹಿಡಿಯುತ್ತಿತ್ತು. ಇಳಿಹೊತ್ತಿನಲ್ಲಿ ಹೊಲಕ್ಕೆ ಹೋಗಿ, ತಗ್ಗು ತೋಡಿ, ಕುಳ್ಳಿಗೆ ಬೆಂಕಿ ಹಚ್ಚಿ, ಎಳೆಯ ತೆನೆ ಸುಟ್ಟು, ಅಂಗೈಯಲ್ಲಿ ತಿಕ್ಕಿ, ಬಿಸಿ ಕಾಳಿಗೆ ಬೆಲ್ಲ, ಶೇಂಗಾ ಹಿಂಡಿ ಹಚ್ಚಿಕೊಂಡು ತಿನ್ನುವುದು. ತಿನ್ನುವುದು ನೆಪ. ನಮಗೆ ಬೇಕಾಗಿದ್ದದ್ದು ಅಲ್ಲಿ ನಡೆಯುತ್ತಿದ್ದ ಮಾತು. ಯಾರ ತೆನೆ ಬೆಂಕಿಯಲ್ಲಿರುತ್ತದೋ ಅವರು ತಮಗೇ ಆದದ್ದೊಂದನ್ನು ಹೇಳಬೇಕು, ಖರೇದೇ ಆಗಿರಬೇಕು. ತೆನೆ ಹೊರಗೆ ಬರುವವರೆಗೆ ಉಳಿದವರು ಯಾರೂ ನಡುವೆ ಬಾಯಿ ಹಾಕುವಂತಿಲ್ಲ. ತೆನೆ ತೆಗೆದರೆಂದರೆ ಕಥೆ ಎಲ್ಲಿತ್ತೋ ಅಲ್ಲಿಗೇ ಮುಗಿಯಿತು. ಆಗಿನ ಚಡಪಡಿಕೆಯನ್ನು ನೆನೆದರೆ ಈಗಲೂ ನನ್ನ ಕಾಲು ನೆಲದ ಮೇಲೆ ನಿಲ್ಲುವುದಿಲ್ಲ.

ಇದರ ಯಜಮಾನಿಕೆ ಪಕ್ಕದ ಹೊಲದ ಮಹಬೂಬ ಚಾಚಾನದು. ನಾರಾಯಣಖೇಡದ ಕಚೇರಿಯಲ್ಲಿ ಚಪ್ರಾಸಿಯಾಗಿದ್ದು ಊರಿಗೆ ಮರಳಿದವನು. ಬೆಂಕಿ ಹತ್ತಿದ ಕೂಡಲೇ ತೆನೆ ತೆಗೆಯುವ ಕೋಲು ಎತ್ತಿ, "ಜಗಬೀತಿ ನಕ್ಕೋ, ಆಪಬೀತಿ ಸುನಾವ್!" ಎಂದು ಕೂಗುತ್ತಿದ್ದ. ಜಗತ್ತಿಗೆ ಆದದ್ದು ಬೇಡ, ನಿನಗೆ ಆದದ್ದು ಹೇಳು ಎಂಬುದು ಅವನ ಉರ್ದುವಿನ ಅರ್ಥ. ನನಗೆಲ್ಲಿಯ ಉರ್ದು? ಮಠದ ಪುರಾಣದಲ್ಲಿ ಶಾಸ್ತ್ರಿಗಳು ಭೀತಿ ಭೀತಿ ಎಂದು ನಡುಗಿ ತೋರಿಸುತ್ತಿದ್ದದ್ದು ಕೇಳಿದ್ದೆ. ಹೀಗಾಗಿ ಚಾಚಾ ಕೇಳುತ್ತಿರುವುದು 'ಅಪ್ಪಭೀತಿ', ಅಂದರೆ ಅಪ್ಪನಿಗೆ ಅಂಜಿದ ಕಥೆ ಎಂದು ನಾನು ತೀರ್ಮಾನಿಸಿಬಿಟ್ಟಿದ್ದೆ. ಹಾಗಿದ್ದರೆ ದೊಡ್ಡವರು ಬೇರೇನೇನೋ ಹೇಳುತ್ತಾರಲ್ಲ? ಪಾಪ, ಅವರ ಅಪ್ಪಂದಿರು ತೀರಿಕೊಂಡಿದ್ದಾರೆ, ಅದಕ್ಕೇ ಎಂದು ನನ್ನ ಸಮಾಧಾನ ನಾನೇ ಮಾಡಿಕೊಂಡಿದ್ದೆ.

ಆ ವರ್ಷ ಮನೆಯಲ್ಲಿ ಕಾಶತ್ತೆ ಇದ್ದಳು, ಅಪ್ಪನ ತಂಗಿ. ತಾಂಡೂರಿನ ತೊಗರಿ ವ್ಯಾಪಾರಿಗಳ ಮನೆಗೆ ಕೊಟ್ಟಿದ್ದರು. ಮಳೆಗಾಲ ಮುಗಿದ ಮೇಲೆ ಒಬ್ಬಳೇ ಬಂದವಳು ಯಾಕೆ ಬಂದೆನೆಂದು ಬಾಯಿ ಬಿಟ್ಟಿರಲಿಲ್ಲ. ಅಪ್ಪನೂ ಕೇಳಿರಲಿಲ್ಲ. "ಸಿಟ್ಟಿನಾಗ ಬಂದಾಳ, ಇಳದ ಮ್ಯಾಲ ಹೋಗ್ತಾಳ" ಎಂದಷ್ಟೇ ಹೇಳಿ, ಮರುದಿನ ಬೆಳಿಗ್ಗೆ ಚಾಚಾನ ಬಂಡಿಯಲ್ಲಿ ಜಹೀರಾಬಾದಿಗೆ ಕರೆದುಕೊಂಡು ಹೋಗಿ ರೈಲು ಹತ್ತಿಸಿ ತಾನೇ ಬಿಟ್ಟುಬರುವುದೆಂದು ನಿಶ್ಚಯಿಸಿದ್ದ. ಅತ್ತೆಯ ಗಂಟು ಕಟ್ಟಿ ಆಗಿತ್ತು. ಆ ಸಂಜೆ ಹೊಲಕ್ಕೆ ಅವಳನ್ನೂ ಎಳೆದುಕೊಂಡು ಬಂದವಳು ನಮ್ಮ ಆಯಿ, ಅಂದರೆ ನನ್ನ ಅಜ್ಜಿ.

ಆಯಿಯದೇ ಮೊದಲ ತೆನೆ. ಹೊಸದಾಗಿ ರೈಲು ಬಂದಾಗ ಜಹೀರಾಬಾದಿಗೆ ಹೋಗಿ ಎಂಜಿನ್ನಿನ ಕಬ್ಬಿಣಕ್ಕೇ ಕಾಯಿ ಒಡೆದದ್ದು, ಡ್ರೈವರ್ ಬೈಯುತ್ತ ಇಳಿದುಬಂದು ಕೊನೆಗೆ ಒಂದು ಹೋಳು ಪ್ರಸಾದ ಕೇಳಿ ಇಸಿದುಕೊಂಡದ್ದು. ಎಷ್ಟು ಸಲ ಕೇಳಿದರೂ ನಾವು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಆಮೇಲೆ ಚಾಚಾ ನನ್ನ ಕಡೆ ಕೋಲು ತೋರಿಸಿದ. ನನ್ನ ಸ್ವಂತದ ತೆನೆ, ಮೊಟ್ಟಮೊದಲ ಸಲ! ಖುಷಿಗೆ ಕೂತಲ್ಲಿ ಕೂರಲಾರದೆ ಎದ್ದು ನಿಂತೇ ಶುರುಮಾಡಿದೆ.

"ನಮ್ಮಪ್ಪ ಅಂಗಳದಾಗ ಕೆಮ್ಮಿದ್ರ ಬೆಕ್ಕು ಅಟ್ಟಾ ಏರ್ತದ. ಆಯಿ ಎಲಿ-ಅಡಿಕಿ ಸೆರಗಿನಾಗ ಮುಚ್ಚತಾಳ. ನಾ ಉಣ್ಣಾಕ ಕುಂತ್ರ ಬಿಕ್ಕಿದ್ರೂ ನೀರು ಕೇಳಂಗಿಲ್ಲ."

ಚಾಚಾನ ಕಣ್ಣಲ್ಲಿ ನಗುವಿನ ನೀರು. ಅಪ್ಪನ ಮೀಸೆ ಕುಣಿಯುತ್ತಿತ್ತು, ಆದರೆ ನಿಯಮ ನಿಯಮವೇ, ಮಾತಾಡುವಂತಿಲ್ಲ. ನನಗೆ ಇನ್ನೂ ಹುರುಪು ಏರಿತು. "ಎಲ್ಲಾರಕಿಂತಾ ಕಾಶತ್ತಿ ಭಾಳ ಅಂಜತಾಳ. ತಾಂಡೂರಿಗಿ ಹೋಗಂಗಿಲ್ಲ ಅಂತ ಕೊಟ್ಟಿಗ್ಯಾಗ ಕುಂತು ಅಳ್ತಾಳ. ಅಪ್ಪಗ ಹೇಳಾಕ ಧೈರ್ಯ ಇಲ್ಲ." ನಗು ನಿಂತುಹೋಯಿತು. ಅತ್ತೆ ಸೆರಗಿನಿಂದ ಮುಖ ಮುಚ್ಚಿಕೊಂಡಳು. ನನ್ನ ತೆನೆ ಹೊರಗೆ ಬಂದ ಮೇಲೆ ಅಪ್ಪ ಕೇಳಿದ, "ಇದೆಂಥಾ ಕಥಿ ಹೇಳ್ದಿ?" "ಅಪ್ಪಭೀತಿ" ಅಂದೆ. ಚಾಚಾನಿಗೆ ಅರ್ಥವಾಗಿ, "ಪಟೇಲ್, ಕೂಸು ನನ್ನ ಮಾತು ಹಿಂಗ ತಿಳ್ಕೊಂಡದರಿ" ಎಂದು ಮೆಲ್ಲಗೆ ಬಿಡಿಸಿ ಹೇಳಿದ.

ಅಪ್ಪ ಎದ್ದು ಹೋದ. ಸಿಟ್ಟಾದನೆಂದು ನಾನು ಆಯಿಯ ಬೆನ್ನಿಗೆ ಅಡಗಿದೆ. ಅವನು ಜೋಳದ ಸಾಲಿನೊಳಗೆ ಹೋಗಿ ಒಂದು ಹಿಡಿ ತೆನೆ ಮುರಿದು ತಂದ, ಕೆಂಡದಲ್ಲಿ ಹೂತ, ಚಾಚಾನ ಕೈಯಿಂದ ಕೋಲು ಇಸಿದುಕೊಂಡು ಕೂತ. "ಕಾಶಿ, ನಿಂದು ಹೇಳು."

ಅತ್ತೆ ಮುಖದ ಮೇಲಿನ ಸೆರಗು ಸರಿಸಿದಳು. ಆಮೇಲೆ ಬೆಂಕಿಯನ್ನೇ ನೋಡುತ್ತ ಹೇಳಿದಳು. "ಸವತಿ ಬಂದ ಮ್ಯಾಲ ಆ ಮನ್ಯಾಗ ನನ್ನ ಜೋಡಿ ಯಾರೂ ಮಾತಾಡಲಿಲ್ಲ ಅಣ್ಣಾ. ಬೈಲಿಲ್ಲ, ಹೊಡೀಲಿಲ್ಲ. ಕೂಳು ಹಾಕ್ತಿದ್ರು. ಹೆಸರು ಹಿಡದು ಒಬ್ರೂ ಕರೀಲಿಲ್ಲ. ಮಳಿಗಾಲ ಪೂರಾ ಹಂಗೇ ಹೋತು. ನನ್ನ ದನಿ ಇನ್ನಾ ಅದನೋ ಇಲ್ಲೋ ನೋಡಾಕಂತ ಎಮ್ಮಿ ಜೋಡಿ ಮಾತಾಡ್ತಿದ್ದೆ. ಒಂದಿನ ನಮ್ಮತ್ತಿ ಅದನ್ನ ಕೇಳಿದ್ಳು. ಮರದಿನ ಎಮ್ಮಿ ಮಾರಿಬಿಟ್ರು."

ತೆನೆ ಸುಟ್ಟಿತು, ಸೀದಿತು, ಕಪ್ಪಾಯಿತು. ಕೋಲು ಅಪ್ಪನ ಕೈಯಲ್ಲೇ ಇತ್ತು, ಅವನು ತೆನೆ ತೆಗೆಯಲಿಲ್ಲ. ಅತ್ತೆ ಹೇಳುತ್ತಲೇ ಹೋದಳು, ಮಳೆಗಾಲ ಪೂರ್ತಿ ಒಳಗಿಟ್ಟುಕೊಂಡದ್ದನ್ನೆಲ್ಲ ಹೇಳಿದಳು. ತೆನೆ ಬೂದಿಯಾದ ಮೇಲೆ ಅವಳೇ ನಿಲ್ಲಿಸಿದಳು. "ಚಾಚಾ, ನಾಳಿ ಬಂಡಿ ಬ್ಯಾಡ್ರಿ" ಅಂದ ಅಪ್ಪ. ಅಷ್ಟೇ. ನಾನು ಕುಣಿದುಬಿಟ್ಟೆ, ಆಯಿ ನನ್ನ ಜಡೆ ಹಿಡಿದು ಕೂರಿಸಿದಳು, ಆಮೇಲೆ ತಾನೇ ಅಳತೊಡಗಿದಳು.

ಆ ರಾಜ್ಯ ಹೋಯಿತು, ಹೊಲ ಪಾಲಾಯಿತು, ಆ ಮನೆಯ ಜಾಗದಲ್ಲಿ ಈಗ ಯಾರದೋ ಗೋದಾಮು ನಿಂತಿದೆ. ಬೆಂಕಿಯ ಸುತ್ತ ಕೂತವರಲ್ಲಿ ಉಳಿದವಳು ನಾನೊಬ್ಬಳೇ. ತೆನೆ ಸುಡುವವರು ಇನ್ನೂ ಇದ್ದಾರೆ. ನಡುವೆ ಬಾಯಿ ಹಾಕದೆ ಕೇಳುವವರನ್ನು ಎಲ್ಲಿಂದ ತರೋಣ, ನೀವೇ ಹೇಳಿ. ಅವರೆಲ್ಲ ಬೇಕೆನಿಸುತ್ತದೆ ನನಗೆ, ಈ ವಯಸ್ಸಿನಲ್ಲೂ ಹಟಮಾರಿ ಕೂಸಿನ ಹಾಗೆ ಬೇಕೇಬೇಕೆನಿಸುತ್ತದೆ.

ಕಾಶತ್ತೆ ಕೊನೆಯವರೆಗೂ ನಮ್ಮಲ್ಲೇ ಇದ್ದಳು. ಮೊದಮೊದಲು ಜಹೀರಾಬಾದ್ ಕಡೆಯಿಂದ ಬಂದ ಬಂಡಿ ಬಾಗಿಲಲ್ಲಿ ನಿಂತರೆ ಸಾಕು, ಕರೆಯಲು ಬಂದರೆಂದು ಹಂಚಿನ ಮೇಲಿನ ರೊಟ್ಟಿ ಬಿಟ್ಟು ಒಳಗಿನ ಕೋಣೆ ಸೇರಿ ಅಗುಳಿ ಹಾಕಿಕೊಳ್ಳುತ್ತಿದ್ದಳು. ಅಪ್ಪ ಆ ಸೀದ ರೊಟ್ಟಿಯನ್ನೇ ಮುರಿದು ತಿನ್ನುತ್ತಿದ್ದ. ಹೀಗೇ ಎಷ್ಟೋ ಕಾಲ ನಡೆಯಿತು. ಒಂದು ಬೇಸಿಗೆಯ ಮಧ್ಯಾಹ್ನ ಅಪ್ಪ ಊಟಕ್ಕೆ ಕೂತಿದ್ದಾಗ ಹೊರಗೆ ಬಂಡಿ ಬಂದು ನಿಂತಿತು, ಎತ್ತಿನ ಗೆಜ್ಜೆಯ ಸದ್ದು ಒಳಗಿನವರೆಗೂ ಕೇಳಿಸಿತು. ಅತ್ತೆ ತಲೆ ಎತ್ತಲಿಲ್ಲ. ಹಂಚಿನ ಮೇಲಿನ ರೊಟ್ಟಿಯನ್ನು ತಿರುವಿ ಹಾಕಿದಳು. ಅಪ್ಪ ನನ್ನ ಮುಖ ನೋಡಿದ. ಕೈ ತೊಳೆಯಲು ಏಳುತ್ತಿದ್ದವನು ಮತ್ತೆ ಕೂತ, ತಾಟು ಮುಂದೆ ಸರಿಸಿದ.

"ಕಾಶಿ, ಇನ್ನೊಂದು ಹಾಕವ್ವಾ."