ಒಂದೇ ಏಟಿನ ಅತ್ತೆ

ಟೀಚರ್ ಆಗಿ ನಿವೃತ್ತರಾದ ನಮ್ಮತ್ತೆ, ಅರಸೀಕೆರೆಯ ನಮ್ಮ ಮನೆಯ ನಡುಮನೆಯಲ್ಲಿ ಕಾಲು ಚಾಚಿ ಕೂತು, ಹಳೇಬೀಡಿನ ಬಸವಣ್ಣನಷ್ಟು ದಪ್ಪದ ರಾಕ್ಷಸನನ್ನು ಒಂದೇ ಏಟಿಗೆ ಉರುಳಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಫೋನಿನ ಗೇಮಿನಲ್ಲಿ ತಾನೇ ಅಂತ ಮೂಗು ಮುರಿಯಬೇಡಿ. ಅಲ್ಲಿಯವರೆಗೆ ಅಂಥವನೊಬ್ಬನನ್ನು ಕೆಡವಲು ನಾವು ಮೂವರು ಸೇರಿದರೂ ಇಡೀ ಮಧ್ಯಾಹ್ನ ಹಿಡಿಯುತ್ತಿತ್ತು.

ಮೂವರು ಅಂದರೆ ನಾನು, ಅತ್ತೆ, ಗೆಂಡೆಹಳ್ಳಿಯಲ್ಲಿರುವ ನನ್ನ ನಾದಿನಿ. ಭಾನುವಾರ ಊಟವಾದ ಮೇಲೆ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಆಟಕ್ಕೆ ಇಳಿಯುತ್ತಿದ್ದೆವು. ನನ್ನದು ಬಿಲ್ಲು ಹಿಡಿದ ಪಾತ್ರ. ಅತ್ತೆಯದು ಮುಂದೆ ನಿಂತು ಏಟು ತಿನ್ನುವ ಕಾಲಾಳು. ನಾದಿನಿ ವೈದ್ಯೆ, ಹಿಂದೆ ನಿಂತು ನಮ್ಮ ಗಾಯ ವಾಸಿ ಮಾಡುವುದೇ ಅವಳ ಕೆಲಸ.

ನಾದಿನಿ ಕಾಯಿಲೆ ಬಿದ್ದ ಗಂಡನನ್ನು ವರ್ಷಗಟ್ಟಲೆ ನೋಡಿಕೊಂಡವಳು. ಅವರು ಹೋದ ಮೇಲೆ ಮಾತೇ ಬಿಟ್ಟಳು. ಕರೆದರೆ ಬರಳು, ಫೋನ್ ಮಾಡಿದರೆ ಹೂಂ, ಉಹೂಂ, ಅಷ್ಟೇ. ಗೇಮಿನೊಳಗೆ ಮಾತ್ರ ಬಲಗಡೆಯಿಂದ ಬಂದ ನೋಡಮ್ಮ, ತಡೀರಿ ಅತ್ತಿಗೆ ಔಷಧಿ ಹಾಕ್ತೀನಿ ಅನ್ನುತ್ತಿದ್ದಳು. ಆ ನಾಲ್ಕು ಮಾತಿಗಾಗಿ ಅತ್ತೆ ವಾರವಿಡೀ ಕಾಯುತ್ತಿದ್ದರು. ಅವರು ಗೇಮ್ ಕಲಿತದ್ದೇ ಅದಕ್ಕೆ.

ಅಷ್ಟರಲ್ಲಿ ಗೇಮಿನ ಹೊಸ ಭಾಗ ಬಂತು. ಹೊಸ ಊರುಗಳು, ಹೊಸ ರಾಕ್ಷಸರು, ಜೊತೆಗೆ ಬೆಂಕಿಕೊಡಲಿ ಹಿಡಿದ ಹೊಸ ವೀರನಾರಿ. ಅವಳು ಅದೃಷ್ಟವಿದ್ದವರಿಗೆ ಮಾತ್ರ. ನಮ್ಮಲ್ಲಿ ಅತ್ತೆಗೆ ಸಿಕ್ಕಳು. ಅಬ್ಬಬ್ಬಾ, ಅದೇನು ಬಲ! ಕೊಡಲಿ ಎತ್ತಿದರೆ ಆಕಾಶ ಕೆಂಪಾಗುತ್ತಿತ್ತು, ಇಳಿಸಿದರೆ ಎದುರಿಗೆ ಯಾರೂ ಇರುತ್ತಿರಲಿಲ್ಲ. ನಾನು ಬಾಣ ಹೂಡುವುದನ್ನೂ ಮರೆತು ಬಾಯಿ ತೆರೆದುಕೊಂಡು ನೋಡುತ್ತಿದ್ದೆ.

ಗೇಮ್ ಮಾಡುವವರಿಗೆ ಇದೊಂದು ಚಾಳಿ. ಹಳೆಯ ಪಾತ್ರಗಳಷ್ಟೇ ಬಲದ ಹೊಸದನ್ನು ಕೊಟ್ಟರೆ ಯಾರೂ ತಿರುಗಿ ನೋಡುವುದಿಲ್ಲ, ಹಾಗಾಗಿ ಒಂದು ಚಿಟಿಕೆ ಹೆಚ್ಚು ಹಾಕುತ್ತಾರೆ. ಈ ಸಲ ಬೊಗಸೆಗಟ್ಟಲೆ ಸುರಿದಿದ್ದರು. ಹೊಸ ಊರಿನ ರಾಕ್ಷಸರನ್ನೂ ಅದೇ ಅಳತೆಗೆ ಬೆಳೆಸಿದ್ದರಿಂದ, ಹಳೆಯ ಕಾಲಾಳನ್ನು ಕರೆದುಕೊಂಡು ಹೋದರೆ ಮೂವರೂ ಊರಬಾಗಿಲಲ್ಲೇ ಸಾಯುತ್ತಿದ್ದೆವು. ವೀರನಾರಿ ಇದ್ದರೆ ಯಾರಿಗೂ ಒಂದು ಗೀರೂ ಆಗುತ್ತಿರಲಿಲ್ಲ. ಗಾಯವೇ ಇಲ್ಲದ ಮೇಲೆ ವೈದ್ಯೆಗೇನು ಕೆಲಸ? ನಾದಿನಿಯ ಪಾತ್ರ ನಮ್ಮ ಹಿಂದೆ ಸುಮ್ಮನೆ ನಡೆದು ಬರುತ್ತಿತ್ತು. ಒಂದು ಭಾನುವಾರ ಅವಳು ಮೆಲ್ಲಗೆ ಅಂದಳು:

"ಇಲ್ಲೂ ನನ್ ಕೈಗೆ ಕೆಲ್ಸ ಇಲ್ಲ ಬಿಡಮ್ಮ. ನೀವೇ ಆಡ್ಕಳಿ."

ಮುಂದಿನ ವಾರ ಅವಳು ಬರಲಿಲ್ಲ. ಅತ್ತೆ ಊಟ ಬಿಟ್ಟರು. ನನಗೋ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಆ ಗೇಮ್ ಮಾಡಿದವರ ಮನೆ ಹಾಳಾಗ ಅಂತ ಬೈದು, ಫೋನಿನಿಂದ ಗೇಮನ್ನೇ ತೆಗೆದುಬಿಡೋಣ ಅಂದೆ. ಅತ್ತೆ ಬೇಡವೆಂದು ತಲೆಯಾಡಿಸಿ ಜಾವಗಲ್ಲಿನ ತಮ್ಮ ಹೊಲದ ರಾಗಿ ಕೊಯ್ಲಿನ ಮಾತು ತೆಗೆದರು. ಅಲ್ಲಿ ಮುಯ್ಯಾಳಿನ ಪದ್ಧತಿ, ಇವತ್ತು ನಮ್ಮ ಹೊಲಕ್ಕೆ ನೀವು, ನಾಳೆ ನಿಮ್ಮ ಹೊಲಕ್ಕೆ ನಾವು. ಶಾಲೆಗೆ ರಜೆ ಇದ್ದಾಗ ಅತ್ತೆಯೂ ಕುಡುಗೋಲು ಹಿಡಿಯುತ್ತಿದ್ದರಂತೆ, ಕೈ ಬಲು ಚುರುಕಂತೆ. ಆದರೆ ಕೈ ಚುರುಕಿದ್ದವರು ಮುಂದೆ ಓಡುವ ಹಾಗಿಲ್ಲ, ಅಗಲದ ಸಾಲು ಹಿಡಿಯಬೇಕು. ಆಗ ಎಲ್ಲರೂ ಒಟ್ಟಿಗೆ ಬದು ಮುಟ್ಟುತ್ತಾರೆ. ಮುಂದೆ ಓಡಿದರೆ ಹಿಂದುಳಿದವಳು ಮಾರನೆಯ ದಿನ ಬರುವುದೇ ಇಲ್ಲ.

ಮುಂದಿನ ಭಾನುವಾರ ಬೆಳಗ್ಗೆಯೇ ಮಗಳಿಗೆ ಫೋನ್ ಮಾಡಿ, ಇದೊಂದು ಸಲ ಆಟಕ್ಕೆ ಬಾ ಅಂತ ಗೋಗರೆದರು. ಅವಳು ಬಂದಳು. ಹೊಸ ಊರಿನ ಬಾಗಿಲಲ್ಲಿ ಅತ್ತೆ ವೀರನಾರಿಯ ಕಿರೀಟ ತೆಗೆದರು, ಕವಚ ಕಳಚಿದರು, ಗುರಾಣಿ ಕೆಳಗಿಟ್ಟರು. ತಪ್ಪಾಗಿ ಒತ್ತಿದಿರಿ ಅತ್ತೆ ಅನ್ನಲು ಬಾಯಿ ತೆರೆದ ನನಗೆ ಕಣ್ಣಲ್ಲೇ ಸುಮ್ಮನಿರು ಅಂದರು. ನಾವು ಒಬ್ಬೊಬ್ಬನನ್ನೇ ಕೆಣಕಿ ಕಾದುವ ಆಟವದು. ಅತ್ತೆ ಬೀದಿಯ ನಡುವೆ ನಿಂತು ಕಹಳೆ ಊದಿ, ಇಡೀ ಊರಿನ ರಾಕ್ಷಸರನ್ನು ತಮ್ಮೊಬ್ಬರ ಮೇಲೆ ಕರೆದುಕೊಂಡರು.

ಕೊಡಲಿಯ ಏಟಿಗೊಬ್ಬ ಬೀಳುತ್ತಿದ್ದ, ಅವನ ಜಾಗಕ್ಕೆ ಮತ್ತೆ ನಾಲ್ವರು ಬರುತ್ತಿದ್ದರು. ಬರಿಮೈಯಲ್ಲಿ ನಿಂತ ವೀರನಾರಿಯ ಜೀವದ ಗೆರೆ ಸರಸರ ಇಳಿಯಿತು. ನಾದಿನಿಯ ಉಸಿರು ಕಿವಿಯಲ್ಲಿ ಕೇಳಿಸುತ್ತಿತ್ತು. ಗೆರೆ ಕೂದಲೆಳೆಯಷ್ಟಾದಾಗ ನಾದಿನಿಯ ಔಷಧಿಯ ಹಸಿರು ಬೆಳಕು ಬಂದು ಬಿತ್ತು. ಅದರ ಹಿಂದೆಯೇ ಇನ್ನೊಂದು, ಮತ್ತೊಂದು.

"ಬುದ್ಧಿ ಐತಾ ಅಮ್ಮ ನಿನ್ಗೆ? ಬರಿಮೈಲಿ ನಿಂತಿದ್ದೀಯಲ್ಲ," ಅಂತ ನಾದಿನಿ ಗದರಿದಳು. ಗಂಡ ಹೋದ ಮೇಲೆ ಅವಳು ಯಾರನ್ನಾದರೂ ಗದರಿದ್ದು ಅದೇ ಮೊದಲು. ಆಮೇಲೆ ಮತ್ತೆ ಔಷಧಿ ಹಾಕುತ್ತ ಅಂದಳು: "ನಿಂತ್ಕ. ಎಲ್ಲೂ ಹೋಗ್ಬೇಡ. ಈ ಸಲ ನಾನ್ ಬಿಡಲ್ಲ."

ಅತ್ತೆಯ ಕಣ್ಣು ತುಂಬಿ ಸ್ಕ್ರೀನೇ ಕಾಣದಂತಾಗಿತ್ತು. ಆದರೂ ತಡಕಾಡಿ ಕಹಳೆ ಒತ್ತಿ, ಪಕ್ಕದ ಬೀದಿಯ ರಾಕ್ಷಸರನ್ನೂ ಕರೆದರು.